ಗುಂಡಿನ ವೇಗ: ಅಗ್ಗದ ಅಳತೆಗೋಲು

ಸವಣೂರು ನವಾಬರ ರಾಜಧಾನಿಯಾಗಿದ್ದಾಗ, 1756ರಲ್ಲಿ, ಪೇಶವೆ ಬಾಲಾಜಿ ಬಾಜೀರಾಯನೂ ಫ್ರೆಂಚ್ ಸೇನಾನಿ ಬುಸ್ಸಿಯೂ ಅದಕ್ಕೆ ಮುತ್ತಿಗೆ ಹಾಕಿದ್ದರೆಂಬುದು ಇತಿಹಾಸ ಬಲ್ಲವರಿಗೆ ಹೊಸತಲ್ಲ. ಗುಂಡು ಎಲ್ಲಿ ಬಿತ್ತು, ಏನನ್ನು ಕೆಡವಿತು ಎಂಬುದು ಅಂದು ಎಲ್ಲರಿಗೂ ಕಂಡಿತು. ಎಷ್ಟು ವೇಗದಿಂದ ಬಂತೆಂಬುದು ಕಾಣಲಿಲ್ಲ. ಕಣ್ಣಿಗೆ ಕಾಣದ ಆ ವೇಗವನ್ನು ಅಳೆಯುವ ವಿದ್ಯೆ ಮಾತ್ರ ಆಗಲೇ ಹುಟ್ಟಿತ್ತು. ಅದನ್ನು 1742ರ ತನ್ನ ಗ್ರಂಥದಲ್ಲಿ ವಿವರಿಸಿದ ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್, ಕಂಪನಿಯ ಎಂಜಿನಿಯರನಾಗಿ ನಮ್ಮ ದೇಶಕ್ಕೆ ಬಂದು, 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ.

ಈ ಹಳೆಯ ಮಾತನ್ನು ನೆನಪಿಗೆ ತಂದವನು ಹಿರೇಕೆರೂರಿನ ಕಡೆಯ ಒಬ್ಬ ತರುಣ. ಗಾಳಿಬಂದೂಕಿನಲ್ಲಿ ಗುರಿಯಾಟ ಕಲಿಯುತ್ತಿರುವ ಅವನು, ಕಡಿಮೆ ಹಣಕ್ಕೆ ಯಾವ ಕ್ರೋನೋಗ್ರಾಫ್ ಕೊಳ್ಳಲಿ ಎಂದು ಕೇಳಿದ. ಇದು ಬರಿಯ ಹವ್ಯಾಸದ ಪ್ರಶ್ನೆಯಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳಂತೆ, ಗಾಳಿಬಂದೂಕಿನ ಗುಂಡಿನ ಶಕ್ತಿ 20 ಜೂಲ್ ಮೀರಿದರೆ, ಇಲ್ಲವೆ ನಳಿಗೆಯ ಒಳವ್ಯಾಸ 4.5 ಮಿಲಿಮೀಟರ್ ಮೀರಿದರೆ, ಪರವಾನಿಗೆ ಬೇಕು. ಅರ್ಧ ಗ್ರಾಂ ತೂಕದ ಗುಂಡು ಸೆಕೆಂಡಿಗೆ 175 ಮೀಟರ್ ಓಡಿದರೆ ಅದರ ಶಕ್ತಿ ಸುಮಾರು ಏಳೂವರೆ ಜೂಲ್. 283 ಮೀಟರ್ ಓಡಿದರೆ 20 ಜೂಲ್. ಪೆಟ್ಟಿಗೆಯ ಮೇಲೆ ಅಚ್ಚಾದ ವೇಗವು ಹಲವೊಮ್ಮೆ ಅತಿ ಹಗುರವಾದ ಗುಂಡಿನದು. ಆದುದರಿಂದ ತಾನೇ ಅಳೆದು ತಿಳಿಯುವುದು ಲೇಸು.

ಅಗ್ಗದ ಯಂತ್ರದಲ್ಲಿ ಒಂದಡಿ ಅಂತರದಲ್ಲಿ ಎರಡು ಬೆಳಕುಗಣ್ಣುಗಳಿರುತ್ತವೆ. ಗುಂಡಿನ ನೆರಳು ಮೊದಲನೆಯದನ್ನು ದಾಟಿದಾಗ ಗಡಿಯಾರ ಹೊರಡುತ್ತದೆ, ಎರಡನೆಯದನ್ನು ದಾಟಿದಾಗ ನಿಲ್ಲುತ್ತದೆ. ನಡುವಣ ಕಾಲ ಸೆಕೆಂಡಿನ ಸಾವಿರದಲ್ಲಿ ಎರಡು ಭಾಗಕ್ಕೂ ಕಡಿಮೆ. ಕಣ್ಣುಗಳ ಅಂತರದಲ್ಲಿ ಮೂರು ಮಿಲಿಮೀಟರ್ ತಪ್ಪಿದರೆ ವೇಗದಲ್ಲಿ ನೂರಕ್ಕೆ ಒಂದು, ಶಕ್ತಿಯಲ್ಲಿ ನೂರಕ್ಕೆ ಎರಡು ತಪ್ಪುತ್ತದೆ. ಆದ್ದರಿಂದ ಕೊಳ್ಳುವಾಗ ಮೊದಲು ನೋಡಬೇಕಾದುದು ಹೊಳೆಯುವ ಅಂಕಿಗಳನ್ನಲ್ಲ, ಬಾಗದ ಚೌಕಟ್ಟನ್ನು. ಎರಡನೆಯದು ಬೆಳಕು. ಟ್ಯೂಬ್‌ಲೈಟು ಸೆಕೆಂಡಿಗೆ ನೂರು ಸಲ ಮಿಣುಕಿ ಯಂತ್ರವನ್ನು ಮೋಸಗೊಳಿಸಬಲ್ಲದು; ಮನೆಯೊಳಗೆ ಆಡುವವರು ಸ್ವಂತ ದೀಪವುಳ್ಳ ಮಾದರಿಯನ್ನೇ ಕೊಳ್ಳಬೇಕು. ಬಯಲಲ್ಲಿ ಆಡುವವರಿಗೆ ಬಿಳಿಯ ಮರೆಹಾಳೆ ಸಾಕು. ನಳಿಗೆಗೆ ಕಟ್ಟುವ ಕಾಂತೀಯ ಮಾದರಿ ತನ್ನ ಭಾರದಿಂದ ಗುರಿಯನ್ನು ಸರಿಸುತ್ತದೆ. ರಾಡಾರ್ ಮಾದರಿಗೆ ಬೆಳಕಿನ ಹಂಗಿಲ್ಲ, ಆದರೆ ಬೆಲೆ ಹಲವು ಪಟ್ಟು. ಯಾವುದನ್ನೇ ಕೊಂಡರೂ ಒಂದು ಹೊಡೆತವನ್ನು ನಂಬಬಾರದು; ಹತ್ತು ಹೊಡೆತಗಳ ಸರಾಸರಿಯನ್ನೂ ಅವುಗಳೊಳಗಿನ ಏರುಪೇರನ್ನೂ ಬರೆದಿಡಬೇಕು.

ಅಷ್ಟು ಹಣವೂ ಇಲ್ಲದವರಿಗೆ ರಾಬಿನ್ಸನ ಉಪಾಯ ಇಂದಿಗೂ ಉಂಟು. ಜೇಡಿಮಣ್ಣು ತುಂಬಿದ ಒಂದು ಕಿಲೋಗ್ರಾಂ ತೂಕದ ಮರದ ಪೆಟ್ಟಿಗೆಯನ್ನು ಒಂದು ಮೀಟರ್ ಉದ್ದದ ದಾರಗಳಿಂದ ತೂಗುಹಾಕಿ, ಹಿಂದೆ ಗಟ್ಟಿಯಾದ ತಡೆಯಿಟ್ಟು, ಬಲ್ಲವರ ಎದುರಿನಲ್ಲಿ ಹೊಡೆಯಬೇಕು. 175 ಮೀಟರ್ ವೇಗದ ಅರ್ಧ ಗ್ರಾಂ ಗುಂಡು ಅದರೊಳಗೆ ಹುದುಗಿದರೆ ಪೆಟ್ಟಿಗೆ ಸುಮಾರು 2.8 ಸೆಂಟಿಮೀಟರ್ ಹಿಂದೆ ಸರಿಯುತ್ತದೆ. ಸರಿದಷ್ಟೂ ವೇಗ ಹೆಚ್ಚು. ಉಳಿದುದು ಕಾಲೇಜಿನ ಲೆಕ್ಕ.

ಆ ತರುಣನಿಗೆ ನಾನು ಹೇಳಿದ್ದಿಷ್ಟೆ: ಮೊದಲು ದಾರ ಕಟ್ಟಿ ನೋಡು, ಅನಂತರ ಯಂತ್ರ ಕೊಳ್ಳು. ಎರಡರ ಉತ್ತರಗಳೂ ಹೊಂದಿಕೊಂಡರೆ ಯಂತ್ರವನ್ನು ನಂಬು; ಹೊಂದದಿದ್ದರೆ ಮೊದಲು ನಿನ್ನ ಕೈಯನ್ನೂ ಆಮೇಲೆ ಯಂತ್ರವನ್ನೂ ಶಂಕಿಸು. ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳಲ್ಲಿ ದಾರಕ್ಕೂ ಮಣ್ಣಿಗೂ ಬರವಿಲ್ಲ. ಬೇಕಾದುದು ಅಳೆಯದೆ ನಂಬಲೊಲ್ಲದ ಮನಸ್ಸು.