ಯಾವುದು ಯಾವುದಕ್ಕೆ ಕಾಯುತ್ತಿದೆ?

‘ಸಿಸ್ಟಂ ಹ್ಯಾಂಗ್ ಆಗಿದೆ, ಸ್ವಲ್ಪ ಕಾಯಿರಿ’ ಎಂಬ ಮಾತನ್ನು ಯಾವುದಾದರೂ ಕೌಂಟರಿನ ಮುಂದೆ ನಿಂತಾಗ ನೀವೂ ಕೇಳಿರುತ್ತೀರಿ. ಆ ಹೊತ್ತಿನಲ್ಲಿ ಯಂತ್ರದೊಳಗೆ ಇಣುಕಿದರೆ ಮುರಿದದ್ದು, ಸುಟ್ಟದ್ದು ಎಷ್ಟೋ ಸಲ ಏನೂ ಕಾಣುವುದಿಲ್ಲ. ಒಂದು ಕೆಲಸ ಇನ್ನೊಂದು ಮುಗಿಯಲಿ ಎಂದು ಕಾದು ಕುಳಿತಿರುತ್ತದೆ, ಅಷ್ಟೆ. ಕಾಯುತ್ತಿರುವುದು ಯಾವುದು, ಯಾವುದಕ್ಕಾಗಿ ಎಂದು ತೋರಿಸಿಕೊಡುವ ಸಲಕರಣೆಗಳು ಸಾಫ್ಟ್‌ವೇರ್ ಲೋಕಕ್ಕೆ ಹೇಗೆ ಬಂದವು ಎಂಬುದೇ ಇವತ್ತಿನ ನನ್ನ ಮಾತು.

ಒಂದು ಪ್ರೋಗ್ರಾಂ ಏಕಕಾಲಕ್ಕೆ ಹಲವು ಕೆಲಸ ನಡೆಸುತ್ತದೆ. ಹಾಗೆ ಸಾಗುವ ಒಂದೊಂದು ಕೆಲಸದ ಸರಣಿಗೂ ಥ್ರೆಡ್ ಎನ್ನುತ್ತಾರೆ. ಮದುವೆಮನೆಯ ಅಡುಗೆಯವರು ಒಂದೇ ಪಾತ್ರೆ ಪಡಗ ಹಂಚಿಕೊಳ್ಳುವಂತೆ ಈ ಥ್ರೆಡ್‌ಗಳೆಲ್ಲ ಒಂದೇ ಮೆಮೊರಿಯನ್ನು ಹಂಚಿಕೊಳ್ಳುತ್ತವೆ. ಒಬ್ಬರ ಕೈಯಲ್ಲಿ ಬಾಣಲೆ ಇದೆ, ಸೌಟು ಬೇಕು. ಇನ್ನೊಬ್ಬರ ಕೈಯಲ್ಲಿ ಸೌಟು ಇದೆ, ಬಾಣಲೆ ಬೇಕು. ಇಬ್ಬರೂ ಕೈಯಲ್ಲಿರುವುದನ್ನು ಬಿಡದೆ ನಿಂತರೆ ಅಡುಗೆ ಮುಂದೆ ಸಾಗುವುದೇ ಇಲ್ಲ. ಕಂಪ್ಯೂಟರಿನಲ್ಲಿ ಇದಕ್ಕೆ ಡೆಡ್‌ಲಾಕ್ ಎಂದು ಹೆಸರು.

ಈ ತೊಡಕನ್ನು ಮೊದಲು ಆಳವಾಗಿ ಚಿಂತಿಸಿದವರಲ್ಲಿ ನೆದರ್ಲೆಂಡ್ಸ್‌ನ ಎಡ್ಸ್‌ಖರ್ ಡೈಕ್‌ಸ್ಟ್ರಾ ಪ್ರಮುಖರು. 1960ರ ದಶಕದಲ್ಲಿ, ಒಂದೇ ವಸ್ತುವಿಗೆ ಹಲವು ಕೆಲಸಗಳು ಮುಗಿಬೀಳದಂತೆ ತಡೆಯುವ ಸೆಮಫೋರ್ ಎಂಬ ಉಪಾಯವನ್ನು ಅವರು ಕೊಟ್ಟರು. ಐಂಡ್‌ಹೋವನ್‌ನಲ್ಲಿ ತಮ್ಮ ತಂಡ ಕಟ್ಟಿದ ವ್ಯವಸ್ಥೆಯ ಬಗ್ಗೆ 1968ರಲ್ಲಿ ಬರೆದರು. 1971ರಲ್ಲಿ ಕಾಫ್‌ಮನ್, ಎಲ್ಫಿಕ್, ಶೋಶಾನಿ ಎಂಬ ಮೂವರು ಡೆಡ್‌ಲಾಕ್ ಆಗಲು ನಾಲ್ಕು ಷರತ್ತುಗಳು ಒಟ್ಟಿಗೆ ಕೂಡಿಬರಬೇಕು ಎಂದು ವಿವರಿಸಿದರು. ನಾಲ್ಕನೆಯದು ಬಹಳ ಮುಖ್ಯ: ಮೊದಲನೆಯದು ಎರಡನೆಯದಕ್ಕೆ, ಎರಡನೆಯದು ಮೂರನೆಯದಕ್ಕೆ, ಕೊನೆಯದು ಮತ್ತೆ ಮೊದಲನೆಯದಕ್ಕೆ ಕಾಯುವ ವರ್ತುಲ. ಆ ವರ್ತುಲವನ್ನು ಕಣ್ಣಿಗೆ ಕಾಣಿಸುವ ಸಲಕರಣೆ ಸಾಮಾನ್ಯ ಪ್ರೋಗ್ರಾಮರ್ ಕೈಗೆ ಬರಲು ಇನ್ನೂ ಮೂರು ದಶಕ ಬೇಕಾಯಿತು.

ಯುನಿಕ್ಸ್ ವ್ಯವಸ್ಥೆಯಲ್ಲಿ ‘ಪಿಎಸ್’ ಎಂಬ ಎರಡಕ್ಷರದ ಆದೇಶವಿದೆ. ನಡೆಯುತ್ತಿರುವ ಕೆಲಸಗಳ ಪಟ್ಟಿಯನ್ನು ಅದು ಕೊಡುತ್ತದೆ. ಪ್ರತಿಯೊಂದರ ಎದುರು ಸ್ಥಿತಿ ಹೇಳುವ ಒಂದು ಅಕ್ಷರ: ಆರ್ ಎಂದರೆ ಓಡುತ್ತಿದೆ ಅಥವಾ ಓಡಲು ಸಿದ್ಧವಾಗಿದೆ, ಎಸ್ ಎಂದರೆ ಮಲಗಿದೆ. ಲಿನಕ್ಸ್‌ನಲ್ಲಿ ಡಿ ಎಂದು ಕಂಡರೆ ಅದು ಡಿಸ್ಕಿಗೋ ಮತ್ತೊಂದಕ್ಕೋ ಕಾಯುತ್ತಿದೆ, ಎಬ್ಬಿಸಿದರೂ ಏಳುವುದಿಲ್ಲ. 1984ರಲ್ಲಿ ವಿಲಿಯಂ ಲೆಫೀವರ್ ‘ಟಾಪ್’ ಎಂಬ ಪ್ರೋಗ್ರಾಂ ಬರೆದರು. ಯಾವ ಕೆಲಸ ಪ್ರೊಸೆಸರನ್ನು ಹೆಚ್ಚು ಬಳಸುತ್ತಿದೆ ಎಂದು ಅದು ಮತ್ತೆಮತ್ತೆ ಲೆಕ್ಕ ಹಾಕಿ ತೋರಿಸುತ್ತದೆ. ನಲವತ್ತು ವರ್ಷ ಕಳೆದರೂ ಸರ್ವರ್ ನಿಧಾನವಾಯಿತೆಂದರೆ ಎಂಜಿನಿಯರ್‌ಗಳು ಮೊದಲು ಟೈಪ್ ಮಾಡುವುದು ಅದೇ ಮೂರಕ್ಷರ. ಆದರೆ ಟಾಪ್ ದುಡಿಯುವವರನ್ನು ಮೇಲೆ ತೋರಿಸುತ್ತದೆ. ಕಾದು ಕುಳಿತವರು ಪಟ್ಟಿಯ ಕೆಳಗೆ ಜಾರಿಹೋಗುತ್ತಾರೆ. ಡೆಡ್‌ಲಾಕ್ ಆದ ಪ್ರೋಗ್ರಾಂ ಅಲ್ಲಿ ಶಾಂತವಾಗಿ, ಆರೋಗ್ಯವಾಗಿ ಕಾಣುತ್ತದೆ.

1996ರ ಆರಂಭದಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯ ಮೊದಲ ಆವೃತ್ತಿಯನ್ನು ಬಿಡುಗಡೆ ಮಾಡಿತು. ಥ್ರೆಡ್‌ಗಳು ಭಾಷೆಯ ಒಳಗೇ ಸೇರಿದ್ದರಿಂದ ಯಾರು ಬೇಕಾದರೂ ಬಳಸುವಂತಾಯಿತು, ತೊಡಕೂ ಎಲ್ಲರ ಮನೆಗೆ ಬಂತು. ಅದರ ಜೊತೆಗೇ ಮದ್ದಿನಂತೆ ಬಂದದ್ದು ಥ್ರೆಡ್ ಡಂಪ್. ಯುನಿಕ್ಸ್ ಯಂತ್ರದಲ್ಲಿ ‘ಕಿಲ್ ಮೈನಸ್ ತ್ರೀ’ ಎಂಬ ಸಂಕೇತ ಕಳಿಸಿದರೆ ಜಾವಾ ಪ್ರೋಗ್ರಾಂ ಸಾಯುವುದಿಲ್ಲ. ಆ ಕ್ಷಣದಲ್ಲಿ ತನ್ನೊಳಗಿನ ಪ್ರತಿ ಥ್ರೆಡ್ ಯಾವ ಸಾಲಿನಲ್ಲಿ ನಿಂತಿದೆ ಎಂದು ಬರೆದುಕೊಟ್ಟು ಕೆಲಸ ಮುಂದುವರಿಸುತ್ತದೆ.

ಅದನ್ನು ಓದುವ ಬಗೆ ಹೀಗೆ. ಮೊದಲ ಸಾಲಿನಲ್ಲಿ ಥ್ರೆಡ್‌ನ ಹೆಸರು. ಅದರ ಕೆಳಗೆ ಸ್ಥಿತಿ: ಉದಾಹರಣೆಗೆ ಬ್ಲಾಕ್ಡ್, ಅಂದರೆ ತಡೆದು ನಿಂತಿದೆ. ಲಾಕ್ ಎಂದರೆ ಹಂಚಿಕೊಂಡ ವಸ್ತುವನ್ನು ಒಂದು ಸಲಕ್ಕೆ ಒಂದೇ ಥ್ರೆಡ್‌ಗೆ ಬಿಟ್ಟುಕೊಡುವ ಬೀಗ. ಮುಂದೆ ‘ವೇಟಿಂಗ್ ಟು ಲಾಕ್’ ಎಂಬ ಮಾತು, ಪಕ್ಕದಲ್ಲಿ ಒಂದು ಉದ್ದ ಸಂಖ್ಯೆ. ಆ ಸಂಖ್ಯೆಯನ್ನು ಹಿಡಿದು ಇಡೀ ಡಂಪಿನಲ್ಲಿ ಹುಡುಕುತ್ತಾ ಹೋದರೆ ಇನ್ನೊಂದು ಥ್ರೆಡ್‌ನ ಕೆಳಗೆ ‘ಲಾಕ್ಡ್’ ಎಂದು ಅದೇ ಸಂಖ್ಯೆ ಸಿಗುತ್ತದೆ. ಅಂದರೆ ಬೀಗ ಇವರ ಬಳಿ ಇದೆ. ಹಾಗಾದರೆ ಇವರು ಏಕೆ ಬಿಟ್ಟುಕೊಡುತ್ತಿಲ್ಲ? ಇವರ ಸಾಲನ್ನು ಓದಿದರೆ ಡೇಟಾಬೇಸ್‌ನ ಉತ್ತರಕ್ಕೆ ಕಾಯುತ್ತಿರುವುದು ಕಾಣಬಹುದು. ಅನುಭವಿಗಳು ಒಂದೇ ಡಂಪನ್ನು ನಂಬುವುದಿಲ್ಲ. ಕೆಲವು ಸೆಕೆಂಡು ಬಿಟ್ಟು ಎರಡನೆಯದು, ಮೂರನೆಯದು ತೆಗೆಯುತ್ತಾರೆ. ಮೂರರಲ್ಲೂ ಒಂದೇ ಥ್ರೆಡ್ ಅದೇ ಸಾಲಿನಲ್ಲಿ ಇದ್ದರೆ ತನಿಖೆ ಅಲ್ಲಿಂದ ಶುರು.

ಇಂಥ ನೋಟದ ಬೆಲೆ ಏನೆಂದು 1997ರಲ್ಲಿ ಇಡೀ ಜಗತ್ತಿಗೆ ತಿಳಿಯಿತು. ಜುಲೈ 4ರಂದು ನಾಸಾದ ಮಾರ್ಸ್ ಪಾತ್‌ಫೈಂಡರ್ ಮಂಗಳ ಗ್ರಹದಲ್ಲಿ ಇಳಿಯಿತು. ಕೆಲವೇ ದಿನಗಳಲ್ಲಿ ಅದರ ಕಂಪ್ಯೂಟರ್ ತಾನಾಗಿಯೇ ರೀಸೆಟ್ ಆಗತೊಡಗಿತು. ಕ್ಯಾಲಿಫೋರ್ನಿಯಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ಎಂಜಿನಿಯರ್‌ಗಳು ಭೂಮಿಯ ಮೇಲಿದ್ದ ಪ್ರತಿರೂಪದಲ್ಲಿ, ಯಾವ ಕೆಲಸ ಯಾವಾಗ ಓಡಿತು, ಯಾವಾಗ ನಿಂತಿತು, ಯಾವ ಲಾಕ್ ಹಿಡಿಯಿತು ಎಂಬುದನ್ನೆಲ್ಲ ದಾಖಲಿಸುವ ಟ್ರೇಸ್ ಹಾಕಿ ಅದೇ ತೊಂದರೆ ಮರುಕಳಿಸುವವರೆಗೂ ಓಡಿಸಿದರು. ದಾಖಲೆಯಲ್ಲಿ ಕಾರಣ ಕಂಡಿತು. ಹವಾಮಾನದ ಮಾಹಿತಿ ಸಂಗ್ರಹಿಸುವ, ಕಡಿಮೆ ಆದ್ಯತೆಯ ಕೆಲಸವೊಂದು ಲಾಕ್ ಹಿಡಿದಿತ್ತು. ಮಧ್ಯಮ ಆದ್ಯತೆಯ ಕೆಲಸಗಳು ಬಂದು ಅದನ್ನು ಪಕ್ಕಕ್ಕೆ ತಳ್ಳಿದವು. ಹೆಚ್ಚಿನ ಆದ್ಯತೆಯ ಮಾಹಿತಿ ವಿತರಣೆಯ ಕೆಲಸ ಆ ಲಾಕಿಗಾಗಿ ಕಾಯುತ್ತಾ ಉಳಿಯಿತು. ಅದು ಸಮಯಕ್ಕೆ ಮುಗಿಯದ್ದನ್ನು ಕಂಡು ಕಾವಲು ವ್ಯವಸ್ಥೆ ಎಲ್ಲವನ್ನೂ ರೀಸೆಟ್ ಮಾಡುತ್ತಿತ್ತು.

ಪರಿಹಾರ ಆಗಲೇ ಪುಸ್ತಕದಲ್ಲಿತ್ತು. ಲಾಕ್ ಹಿಡಿದವನಿಗೆ ಕಾಯುತ್ತಿರುವವನ ಆದ್ಯತೆಯನ್ನು ತಾತ್ಕಾಲಿಕವಾಗಿ ಕೊಡಬೇಕು ಎಂದು 1990ರಲ್ಲಿ ಲುಯಿ ಶಾ, ರಾಗುನಾಥನ್ ರಾಜ್‌ಕುಮಾರ್ ಮತ್ತು ಜಾನ್ ಲೆಹೋಸ್ಕಿ ಬರೆದಿದ್ದರು. ಆ ಸೌಲಭ್ಯ ನೌಕೆಯ ವ್ಯವಸ್ಥೆಯಲ್ಲೂ ಇತ್ತು, ಚಾಲೂ ಆಗಿರಲಿಲ್ಲ. ಸಣ್ಣ ಬದಲಾವಣೆಯನ್ನು ಭೂಮಿಯಿಂದಲೇ ಕಳಿಸಿದರು, ರೀಸೆಟ್ ನಿಂತಿತು. ತಮ್ಮನ್ನು ತಾವೇ ಗಮನಿಸಿಕೊಳ್ಳುವ ಸವಲತ್ತುಗಳನ್ನು ಹಾರುವ ಸಾಫ್ಟ್‌ವೇರ್‌ನಿಂದ ತೆಗೆದುಹಾಕದೆ ಉಳಿಸಿಕೊಂಡದ್ದೇ ಆ ತಂಡವನ್ನು ಕಾಪಾಡಿತು.

ಇದಕ್ಕೆ ವಿರುದ್ಧವಾದ ಪಾಠ 2003ರ ಆಗಸ್ಟ್ 14ರದು. ಅಮೆರಿಕದ ಒಹಾಯೋದಲ್ಲಿ ವಿದ್ಯುತ್ ಜಾಲದ ನಿಯಂತ್ರಣ ಕೊಠಡಿಯೊಂದರಲ್ಲಿ ಎಚ್ಚರಿಕೆ ಕೊಡುವ ಪ್ರೋಗ್ರಾಂ ಮಧ್ಯಾಹ್ನ 2 ಗಂಟೆ 14 ನಿಮಿಷದ ಹೊತ್ತಿಗೆ ನಿಂತುಹೋಯಿತು. ಎರಡು ಕೆಲಸಗಳು ಒಂದೇ ಮಾಹಿತಿಯ ಮೇಲೆ ಏಕಕಾಲಕ್ಕೆ ಕೈಯಿಟ್ಟಿದ್ದವು. ನಿಂತಿದೆ ಎಂದು ಹೇಳುವವರೇ ಇರಲಿಲ್ಲ. ಎಚ್ಚರಿಕೆ ಬರುತ್ತಿಲ್ಲವಾದ್ದರಿಂದ ಎಲ್ಲ ಸರಿಯಿದೆ ಎಂದೇ ಸಿಬ್ಬಂದಿ ತಿಳಿದರು. ಇತ್ತ ಮರಗಳಿಗೆ ತಾಗಿ ತಂತಿ ಮಾರ್ಗಗಳು ಒಂದೊಂದಾಗಿ ಕಡಿತಗೊಂಡವು. ಸಂಜೆಯೊಳಗೆ ಅಮೆರಿಕ ಮತ್ತು ಕೆನಡಾದ ಸುಮಾರು 5 ಕೋಟಿ ಜನ ವಿದ್ಯುತ್ ಕಳೆದುಕೊಂಡರು. ಅಂದು ನಡೆದ ತಪ್ಪುಗಳಲ್ಲಿ ಇದೊಂದೇ ಇರಲಿಲ್ಲ. ಆದರೆ ಸುಧಾರಿಸಿಕೊಳ್ಳಲು ಸಿಗಬಹುದಾಗಿದ್ದ ಸಮಯವನ್ನು ಇದು ಕಸಿದುಕೊಂಡಿತು.

ಆಮೇಲಿನ ಬೆಳವಣಿಗೆ ವೇಗದ್ದು. 2004ರ ಜಾವಾ 5 ಥ್ರೆಡ್‌ಗೆ ಆರು ಅಧಿಕೃತ ಸ್ಥಿತಿಗಳನ್ನು ಗೊತ್ತುಪಡಿಸಿತು. ಡಂಪ್ ತೆಗೆಯಲು ಜೆಸ್ಟ್ಯಾಕ್, ಪರದೆಯ ಮೇಲೆ ನೋಡಲು ಜೆಕನ್ಸೋಲ್ ಅದರ ಜೊತೆ ಬಂದವು. ಕಾಯುವಿಕೆಯ ವರ್ತುಲವನ್ನು ಪ್ರೋಗ್ರಾಂ ತಾನೇ ಹುಡುಕಿ ಹೇಳುವ ಸೌಲಭ್ಯವೂ ಸಿಕ್ಕಿತು. 2005ರ ಸೊಲಾರಿಸ್ 10 ಆಪರೇಟಿಂಗ್ ಸಿಸ್ಟಂನಲ್ಲಿ ಬಂದ ಡಿಟ್ರೇಸ್, ಚಾಲನೆಯಲ್ಲಿರುವ ವ್ಯವಸ್ಥೆಯನ್ನು ನಿಲ್ಲಿಸದೆ ಪ್ರಶ್ನೆ ಕೇಳುವುದನ್ನು ಸಾಧ್ಯವಾಗಿಸಿತು. 2011ರಲ್ಲಿ ಬ್ರೆಂಡನ್ ಗ್ರೆಗ್ ಫ್ಲೇಮ್ ಗ್ರಾಫ್ ರೂಪಿಸಿದರು. ಪ್ರೋಗ್ರಾಂ ಆಯಾ ಕ್ಷಣದಲ್ಲಿ ಎಲ್ಲಿದೆ ಎಂದು ತೆಗೆದ ಸಾವಿರಾರು ಮಾದರಿಗಳ ಸಾರ ಒಂದೇ ಚಿತ್ರದಲ್ಲಿ ಕಾಣುವಂತಾಯಿತು. 2023ರ ಜಾವಾ 21ರಲ್ಲಿ ಹಗುರವಾದ ವರ್ಚುವಲ್ ಥ್ರೆಡ್‌ಗಳು ಬಂದವು. ಈಗ ಒಂದೇ ಪ್ರೋಗ್ರಾಂನಲ್ಲಿ ಲಕ್ಷಗಟ್ಟಲೆ ಥ್ರೆಡ್ ಇರಬಹುದು. ಅಷ್ಟನ್ನು ಮನುಷ್ಯ ಓದಲಾರ. ಹಾಗಾಗಿ ಯಂತ್ರವೇ ಓದಿ ಗುಂಪು ಮಾಡಬಲ್ಲ ರೂಪದಲ್ಲೂ ಡಂಪ್ ಸಿಗುತ್ತದೆ.

ಬೆಂಗಳೂರಿನಲ್ಲಿ, ಮೈಸೂರಿನಲ್ಲಿ, ಮಂಗಳೂರು ಹುಬ್ಬಳ್ಳಿಗಳಲ್ಲಿ ರಾತ್ರಿ ಪಾಳಿಯಲ್ಲಿ ಸರ್ವರ್ ಕಾಯುವ ಯುವ ಎಂಜಿನಿಯರ್‌ಗಳು ಈ ಮಾತನ್ನು ಕೇಳುತ್ತಿದ್ದರೆ ಅವರಲ್ಲಿ ನನ್ನದೊಂದು ವಿನಂತಿ. ಸರ್ವರ್ ಹ್ಯಾಂಗ್ ಆದಾಗ ರೀಸ್ಟಾರ್ಟ್ ಮಾಡು ಎಂಬ ಒತ್ತಡ ಮೇಲಿನಿಂದ ಬರುತ್ತದೆ. ರೀಸ್ಟಾರ್ಟ್ ಮಾಡಿದರೆ ಸರ್ವರ್ ಏಳುತ್ತದೆ, ಸಾಕ್ಷಿ ಅಳಿಸಿಹೋಗುತ್ತದೆ, ಮುಂದಿನ ವಾರ ಅದೇ ತೊಂದರೆ ಮತ್ತೆ ಬರುತ್ತದೆ. ಒಂದು ನಿಮಿಷ ಕೇಳಿ ಪಡೆಯಿರಿ, ಮೂರು ಡಂಪ್ ತೆಗೆದಿಡಿ. ಪ್ರೋಗ್ರಾಂ ಬರೆಯುವವರು ಪ್ರತಿ ಥ್ರೆಡ್‌ಗೂ ಅದು ಮಾಡುವ ಕೆಲಸವನ್ನು ಹೇಳುವ ಹೆಸರಿಡಿ. ಬರಿಯ ಅಂಕಿ ಹೊತ್ತ ಥ್ರೆಡ್ ಅಪರಾತ್ರಿಯಲ್ಲಿ ಡಂಪ್ ಓದುವವರಿಗೆ ಏನನ್ನೂ ತಿಳಿಸುವುದಿಲ್ಲ. ಈ ಎರಡಕ್ಕೂ ಹೊಸ ಸಲಕರಣೆ ಕೊಳ್ಳಬೇಕಿಲ್ಲ. ಇರುವುದನ್ನು ಬಳಸುವ ಶಿಸ್ತು ಬೆಳೆಸಿಕೊಂಡರೆ ಸಾಕು.