ಕತ್ತಾಳೆಯ ವಯಸ್ಸು, ಪೀಪಾಯಿಯ ವಯಸ್ಸು

ಟಕೀಲಾ ಎಂದೊಡನೆ ಹೆಚ್ಚಿನವರ ಕಣ್ಣ ಮುಂದೆ ಬರುವುದು ಒಂದೇ ಚಿತ್ರ. ಮುಂಗೈ ಮೇಲೆ ಚಿಟಿಕೆ ಉಪ್ಪು, ಬೆರಳುಗಳ ನಡುವೆ ನಿಂಬೆ ಹೋಳು, ಪುಟ್ಟ ಲೋಟ, ಕಣ್ಣು ಮುಚ್ಚಿ ಒಂದೇ ಗುಟುಕು. ನಾಲಿಗೆಗೆ ತಾಗುವ ಮೊದಲೇ ಗಂಟಲು ದಾಟಿಸಿಬಿಡುವ ಆತುರ. ಅಗ್ಗದ ಸರಕಿನ ಮಟ್ಟಿಗೆ ಈ ಆತುರ ತಪ್ಪೇನಲ್ಲ, ಅದರ ಒರಟುತನ ಮರೆಸಲು ಉಪ್ಪೂ ನಿಂಬೆಯೂ ಬೇಕು. ಆದರೆ ವರ್ಷಗಟ್ಟಲೆ ಓಕ್ ಮರದ ಪೀಪಾಯಿಯಲ್ಲಿ ಮಲಗಿದ್ದ ಟಕೀಲಾವನ್ನು ಹೀಗೆ ಕುಡಿಯುವುದೆಂದರೆ ಕಛೇರಿಯಲ್ಲಿ ಆಲಾಪನೆ ಮುಗಿಯುವವರೆಗೆ ಹೊರಗೆ ನಿಂತು, ಮಂಗಳಕ್ಕೆ ಒಳಗೆ ಬಂದಂತೆ.

ಗೆಳೆಯರೇ, ಪೀಪಾಯಿಯ ಮಾತಿಗೆ ಮುನ್ನ ಗಿಡದ ಮಾತು. ಟಕೀಲಾ ಹುಟ್ಟುವುದು ಮೆಕ್ಸಿಕೋ ದೇಶದ ನೀಲಿ ಕತ್ತಾಳೆಯಿಂದ. ಕಳ್ಳಿಯಿಂದ ಎಂದು ಹೇಳುವವರಿದ್ದಾರೆ, ಅದು ಸರಿಯಲ್ಲ. ನಮ್ಮ ಬಯಲುಸೀಮೆಯ ಹೊಲದ ಬದುಗಳಲ್ಲಿ, ರೈಲು ಹಳಿಗಳ ಪಕ್ಕದಲ್ಲಿ ಬೇಲಿಯಾಗಿ ನಿಂತಿರುವ ಕತ್ತಾಳೆಯ ದಾಯಾದಿ ಅದು. ನಮ್ಮ ಕತ್ತಾಳೆಯೂ ಮೂಲತಃ ಆ ಖಂಡದಿಂದಲೇ ಬಂದದ್ದು. ದಖನ್ನಿನ ಕತ್ತಾಳೆಯಿಂದ ಮದ್ಯ ಭಟ್ಟಿ ಇಳಿಸುವ ಪ್ರಯತ್ನವೂ ನಡೆದು, 2011ರಲ್ಲಿ ಡೆಸ್ಮಂಡ್‌ಜಿ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಆದರೆ ಅದನ್ನು ಟಕೀಲಾ ಎನ್ನುವಂತಿಲ್ಲ. 1974ರಿಂದ ಆ ಹೆಸರಿಗೆ ಕಾನೂನಿನ ರಕ್ಷಣೆಯಿದೆ. ಹಲಿಸ್ಕೊ ರಾಜ್ಯ ಹಾಗೂ ಇನ್ನು ನಾಲ್ಕು ರಾಜ್ಯಗಳ ಗೊತ್ತಾದ ಪ್ರದೇಶಗಳಲ್ಲಿ ಬೆಳೆದ ನೀಲಿ ಕತ್ತಾಳೆಗೆ ಮಾತ್ರ ಆ ಪಟ್ಟ.

ಈ ಗಿಡಕ್ಕೆ ಅವಸರವಿಲ್ಲ. ನೆಟ್ಟ ಮೇಲೆ ಕಟಾವಿಗೆ ಬರಲು ಸಾಮಾನ್ಯವಾಗಿ 6ರಿಂದ 8 ವರ್ಷ ಬೇಕು. ಹೂದಂಡು ಮೇಲೇಳುವ ಹೊತ್ತಿಗೆ ಅದನ್ನು ಕಡಿದುಹಾಕುತ್ತಾರೆ, ಇಲ್ಲದಿದ್ದರೆ ಕೂಡಿಟ್ಟ ಸಕ್ಕರೆಯೆಲ್ಲ ಹೂವಿನ ಪಾಲಾಗುತ್ತದೆ. ಹಿಮಾದೋರ್ ಎಂದು ಕರೆಸಿಕೊಳ್ಳುವ ಕೊಯ್ಲುಗಾರ, ಉದ್ದ ಹಿಡಿಯ ದುಂಡು ಅಲಗಿನ ಕೋವಾ ಎಂಬ ಆಯುಧದಿಂದ ಮುಳ್ಳೆಲೆಗಳನ್ನು ಸವರಿ ನಡುವಿನ ಗಡ್ಡೆಯನ್ನು ಬಿಡಿಸುತ್ತಾನೆ. ನೋಡಲು ದೈತ್ಯ ಅನಾನಸಿನಂತಿರುವುದರಿಂದ ಅದಕ್ಕೆ ಪೀನ್ಯಾ ಎಂದೇ ಹೆಸರು. ಒಂದೊಂದು 30–40 ಕಿಲೋ ತೂಗುವುದು ಸಾಮಾನ್ಯ. ಇಟ್ಟಿಗೆಯ ಗೂಡಿನಲ್ಲಿ ಎರಡು ಮೂರು ದಿನ ಹಬೆಯಲ್ಲಿ ಬೆಂದಾಗ ಅದರ ಪಿಷ್ಟದಂಥ ಸಾರ ಸಿಹಿಯಾಗುತ್ತದೆ. ಆಗ ಏಳುವ ಪರಿಮಳ ಕೆಂಡದಲ್ಲಿ ಸುಟ್ಟ ಗೆಣಸಿನದು, ಆಲೆಮನೆಯ ಕೊಪ್ಪರಿಗೆಯದು. ಈ ಪರಿಮಳವನ್ನು ನೆನಪಿಟ್ಟುಕೊಳ್ಳಿ, ಮುಂದೆ ಲೋಟದಲ್ಲಿ ಹುಡುಕಬೇಕಾದದ್ದು ಇದನ್ನೇ. ಬೆಂದ ಗಡ್ಡೆಯನ್ನು ಅರೆದು, ರಸ ಹಿಂಡಿ, ಹುದುಗು ಬರಿಸಿ, ಎರಡು ಬಾರಿ ಭಟ್ಟಿ ಇಳಿಸಿದರೆ ಬಣ್ಣವಿಲ್ಲದ ಟಕೀಲಾ ಸಿದ್ಧ. ಅದೇ ಬ್ಲಾಂಕೊ.

ಇಲ್ಲಿಂದ ಪೀಪಾಯಿಯ ಲೆಕ್ಕ ಶುರು. ಕನಿಷ್ಠ 2 ತಿಂಗಳು ಓಕ್ ಮರದ ಸಂಗದಲ್ಲಿದ್ದರೆ ರೆಪೊಸಾಡೊ. 600 ಲೀಟರಿಗೆ ಮೀರದ ಪೀಪಾಯಿಯಲ್ಲಿ ಕನಿಷ್ಠ 1 ವರ್ಷ ಇದ್ದರೆ ಅನ್ಯೇಹೋ. 3 ವರ್ಷ ದಾಟಿದರೆ ಎಕ್ಸ್‌ಟ್ರಾ ಅನ್ಯೇಹೋ, ಈ ಕೊನೆಯ ದರ್ಜೆಯನ್ನು ಸೇರಿಸಿದ್ದು 2006ರಲ್ಲಿ. ಪೀಪಾಯಿಗಳಲ್ಲಿ ಹೆಚ್ಚಿನವು ಅಮೆರಿಕದಲ್ಲಿ ಬರ್ಬನ್ ವಿಸ್ಕಿ ತುಂಬಿ ಖಾಲಿಯಾದವು. ಅಲ್ಲಿನ ಕಾನೂನು ಬರ್ಬನ್‌ಗೆ ಪ್ರತಿ ಸಲ ಹೊಸ ಮರವನ್ನೇ ಕೇಳುವುದರಿಂದ ಹಳೆಯವು ಮೆಕ್ಸಿಕೋಕ್ಕೆ ಇಳಿಯುತ್ತವೆ. ಒಳಮೈ ಸುಟ್ಟ ಆ ಮರ ಮದ್ಯಕ್ಕೆ ವೆನಿಲಾ, ಲವಂಗ, ಸುಟ್ಟ ಸಕ್ಕರೆಯ ಘಮಲನ್ನೂ ಹೊನ್ನಿನ ಬಣ್ಣವನ್ನೂ ಕೊಡುತ್ತದೆ. ಸ್ಕಾಟ್ಲೆಂಡಿನ ಚಳಿಯಲ್ಲಿ ಹತ್ತು ಹನ್ನೆರಡು ವರ್ಷ ಹಿಡಿಯುವ ಕೆಲಸ ಹಲಿಸ್ಕೊದ ಬಿಸಿಲಲ್ಲಿ ಬೇಗನೆ ಮುಗಿಯುತ್ತದೆ, ಪೀಪಾಯಿಯಿಂದ ಆವಿಯಾಗಿ ಹೋಗುವ ಪಾಲೂ ಹೆಚ್ಚು. ಆದ್ದರಿಂದ ಟಕೀಲಾದ 3 ವರ್ಷವನ್ನು ವಿಸ್ಕಿಯ 3 ವರ್ಷದ ಜೊತೆ ತೂಗಬಾರದು.

ವಿವಾದವೂ ಇಲ್ಲಿಯೇ. ಬೆಲೆ ಏರುವುದು ಪೀಪಾಯಿಯ ವಯಸ್ಸಿನಿಂದ, ಗಿಡದ ವಯಸ್ಸನ್ನು ಕೇಳುವವರಿಲ್ಲ. ಹೆಚ್ಚು ಕಾಲ ಇಟ್ಟಷ್ಟೂ ಒಳ್ಳೆಯದು ಎಂಬ ವಿಸ್ಕಿಯವರ ನಂಬಿಕೆಯನ್ನು ಟಕೀಲಾಗೂ ತೊಡಿಸಲಾಗಿದೆ. ಹಾಗೆ ಇಟ್ಟ ಕೆಲವು ಬಾಟಲಿಗಳಲ್ಲಿ ಮರವೇ ಮಾತನಾಡುತ್ತದೆ, ಕತ್ತಾಳೆ ಬಾಯಿ ಬಿಡುವುದಿಲ್ಲ. ದುಬಾರಿ ಹಣ ಕೊಟ್ಟು ಮೆಕ್ಸಿಕೋದ ವಿಳಾಸವಿರುವ ಬರ್ಬನ್ ಕುಡಿದಂತಾಗುತ್ತದೆ. ಇದಕ್ಕೆ ಕಾನೂನಿನ ಒಂದು ಸಡಿಲವೂ ಸೇರಿಕೊಂಡಿದೆ. ಕ್ಯಾರಮೆಲ್ ಬಣ್ಣ, ಓಕ್ ಸಾರ, ಗ್ಲಿಸರಿನ್, ಸಕ್ಕರೆ ಪಾಕ ಇವನ್ನು ತೂಕದಲ್ಲಿ ಶೇಕಡ 1ರ ಮಿತಿಯೊಳಗೆ ಬೆರೆಸಿದರೂ ಅದು ಕತ್ತಾಳೆಯ ಶುದ್ಧ ಟಕೀಲಾ ಎಂದೇ ಕರೆಸಿಕೊಳ್ಳುತ್ತದೆ. ಶೇಕಡ 1 ಎಂದರೆ ಕಿಂಚಿತ್ ಎಂದು ಕೈಬಿಡಬೇಡಿ, ಸಾರುಗಳ ವಿಷಯದಲ್ಲಿ ಅಷ್ಟು ಧಾರಾಳವಾಯಿತು.

ಗಿಡದ ವರ್ಷಗಳನ್ನು ಮರೆತರೆ ಏನಾಗುತ್ತದೆಂಬುದನ್ನು ಹಲಿಸ್ಕೊದ ರೈತರು ಒಮ್ಮೆ ಕಂಡಿದ್ದಾರೆ. ಹೂ ಬಿಡಗೊಡದೆ, ಬುಡದ ಮರಿಗಳನ್ನೇ ಕಿತ್ತು ನೆಡುವುದರಿಂದ ಸಾಲು ಸಾಲು ಹೊಲದ ಗಿಡಗಳೆಲ್ಲ ಒಂದೇ ಅಚ್ಚಿನವು. 1990ರ ದಶಕದ ಕೊನೆಗೆ ರೋಗ ಹರಡಿದಾಗ ತಡೆಯುವ ಶಕ್ತಿ ಯಾವುದಕ್ಕೂ ಇರಲಿಲ್ಲ. ಕತ್ತಾಳೆಯ ಬರ ಬಂತು, ದರ ಗಗನಕ್ಕೇರಿತು. ಕೊರತೆ ಬಂದಾಗಲೆಲ್ಲ ಎಳೆಯ ಗಿಡಕ್ಕೇ ಕೋವಾ ಬೀಳುತ್ತದೆ. ಸಕ್ಕರೆ ತುಂಬದ ಎಳೆ ಗಡ್ಡೆಯ ಬಡತನವನ್ನು ಯಾವ ಪೀಪಾಯಿಯೂ ತುಂಬಿಕೊಡಲಾರದು.

ಇನ್ನು ಕೊಳ್ಳುವ, ಬಡಿಸುವ ವಿಚಾರ. ಲೇಬಲ್ ಮೇಲೆ ನೂರಕ್ಕೆ ನೂರು ಕತ್ತಾಳೆ ಎಂದಿದೆಯೇ ಮೊದಲು ನೋಡಬೇಕು. ಇಲ್ಲವಾದರೆ ಅದು ಮಿಶ್ರ ಟಕೀಲಾ. ಅದರ ಸಕ್ಕರೆಯಲ್ಲಿ ಶೇಕಡ 51 ಕತ್ತಾಳೆಯದಿದ್ದರೆ ಸಾಕು, ಉಳಿದದ್ದು ಕಬ್ಬಿನದೋ ಮತ್ತೊಂದರದೋ ಇರಬಹುದು. ನೋಮ್ ಎಂಬ ಅಕ್ಷರಗಳ ಪಕ್ಕದ ನಾಲ್ಕಂಕಿಯ ಸಂಖ್ಯೆ ತಯಾರಕರ ಗುರುತು. ಬೇರೆ ಬೇರೆ ಹೆಸರಿನ ಬಾಟಲಿಗಳ ಮೇಲೆ ಒಂದೇ ಸಂಖ್ಯೆ ಕಂಡರೆ ಅವು ಒಂದೇ ಭಟ್ಟಿಮನೆಯ ಕೂಸುಗಳು. ಬಾಟಲಿಯ ಅಂದಕ್ಕೆ ಮರುಳಾಗುವುದು ಬೇಡ. ಆದರೂ ಡಾನ್ ಹೂಲಿಯೊ ಕಂಪನಿ ತನ್ನ ಗಿಡ್ಡ ಬಾಟಲಿಯ ಬಗ್ಗೆ ಹೇಳಿಕೊಳ್ಳುವ ಕಥೆ ಚೆನ್ನಾಗಿದೆ: ಊಟದ ಮೇಜಿನ ಎದುರು ಬದಿಯವರ ಮುಖ ಮರೆಯಾಗಬಾರದೆಂದು ಅದನ್ನು ಗಿಡ್ಡ ಮಾಡಿದರಂತೆ.

ಫ್ರಿಜ್ಜಿಗೆ ಇಡಬೇಡಿ, ಐಸ್ ಹಾಕಬೇಡಿ. ತಣ್ಣಗಾದರೆ ಪರಿಮಳ ಮುದುಡುತ್ತದೆ. ಕುತ್ತಿಗೆ ಕಿರಿದಾದ, ಕಾಲುಳ್ಳ ಲೋಟ ಒಳ್ಳೆಯದು. ಗಾಜಿಗೆ ಹೆಸರಾದ ಆಸ್ಟ್ರಿಯದ ರೀಡೆಲ್ ಸಂಸ್ಥೆ 2002ರಲ್ಲಿ ಟಕೀಲಾಗೆಂದೇ ಒಂದು ಲೋಟ ರೂಪಿಸಿತು. ಅದಿಲ್ಲವೆಂದು ಕೊರಗಬೇಕಾಗಿಲ್ಲ, ವೈನಿನ ಚಿಕ್ಕ ಲೋಟವೂ ನಡೆಯುತ್ತದೆ. ಸುರಿದದ್ದು 30 ಮಿಲಿಲೀಟರ್ ಮೀರದಿರಲಿ. ಹತ್ತು ನಿಮಿಷ ಸುಮ್ಮನೆ ಬಿಡಿ. ಮೂಗನ್ನು ಲೋಟದೊಳಗೆ ತೂರಿಸದೆ, ಬಾಯಿ ತುಸು ತೆರೆದು ದೂರದಿಂದಲೇ ಮೂಸಿ. ವೆನಿಲಾ ಮೊದಲು ಬರುತ್ತದೆ, ಅದು ಸುಲಭದ ನೆಂಟ. ಅದರ ಹಿಂದೆ ಸುಟ್ಟ ಗೆಣಸು, ಮೆಣಸಿನ ಕಾಳಿನ ಖಾರ, ಒದ್ದೆ ಮಣ್ಣು ಏನಾದರೂ ಉಂಟೇ? ಮೊದಲ ಗುಟುಕು ಚಿಕ್ಕದಾಗಿರಲಿ, ಅದು ಬಾಯಿಯನ್ನು ಹದಗೊಳಿಸಲು. ರುಚಿ ತಿಳಿಯುವುದು ಎರಡನೆಯದರಲ್ಲಿ. ನುಂಗಿದ ಮೇಲೂ ಗೆಣಸಿನ ಸಿಹಿ ಉಳಿದರೆ ಮರವೂ ಗಿಡವೂ ಹೊಂದಿಕೊಂಡಿವೆ ಎಂದರ್ಥ. ಬರೀ ಕಷಾಯದ ಒಗರು ಉಳಿದರೆ ಪೀಪಾಯಿಯಲ್ಲಿ ಹೆಚ್ಚು ಕಾಲ ಕೂತಿದೆ.

ಅತಿಥಿಗಳಿದ್ದರೆ ಒಂದೇ ಭಟ್ಟಿಮನೆಯ ಬ್ಲಾಂಕೊ, ರೆಪೊಸಾಡೊ, ಅನ್ಯೇಹೋ ಮೂರನ್ನೂ ಸ್ವಲ್ಪ ಸ್ವಲ್ಪವೇ ಅದೇ ಕ್ರಮದಲ್ಲಿ ಇಡಿ. ಮರ ಏನನ್ನು ಕೊಟ್ಟಿತು, ಏನನ್ನು ಕಸಿದುಕೊಂಡಿತು ಎಂಬುದು ಆಗ ತಾನೇ ತಿಳಿಯುತ್ತದೆ. ಪಕ್ಕದಲ್ಲಿ ನೀರಿರಲಿ. ಹುರಿದ ಬಾದಾಮಿ, ಕಪ್ಪು ಚಾಕೊಲೇಟ್ ಹೊಂದುತ್ತವೆ. ನಮ್ಮ ಬಾರುಗಳ ಮಸಾಲೆ ಕಡಲೆಬೀಜವನ್ನು ಮಾತ್ರ ದೂರವಿಡಿ, ಅದರ ಖಾರದ ಮುಂದೆ ಯಾವ ಪೀಪಾಯಿಯ ಕಲೆಯೂ ನಡೆಯದು. ಉಳಿದ ಬಾಟಲಿಯನ್ನು ಬಿರಡೆ ಬಿಗಿದು ನೆಟ್ಟಗೆ ನಿಲ್ಲಿಸಿ, ಕೆಲವು ತಿಂಗಳಲ್ಲಿ ಮುಗಿಸಿ. ಬಾಟಲಿಯಲ್ಲಿ ಅದಕ್ಕೆ ವಯಸ್ಸಾಗುವುದಿಲ್ಲ, ಕಾದಿಟ್ಟು ಲಾಭವಿಲ್ಲ.

ಸಂಶಯ ಬಂದರೆ ಒಂದೆರಡು ಹನಿಯನ್ನು ಅಂಗೈಗೆ ಹಾಕಿ ಉಜ್ಜಿ. ಮದ್ಯಸಾರ ಹಾರಿಹೋದ ಮೇಲೆ ಕೈ ಅಂಟಂಟಾದರೆ ಸಕ್ಕರೆ ಬೆರೆತಿರಬಹುದು. ಕೈ ಒಣಗಿದ್ದು, ಬೆಂದ ಗಡ್ಡೆಯ ವಾಸನೆ ಬಂದರೆ ಇನ್ನೊಂದು ಗುಟುಕು ಹೀರಬಹುದು.