ಹೊರೆ ಹೊತ್ತವರಿಗೆ ಮೊದಲ ದಾರಿ

(ಬಳಗದ ವಾರ್ಷಿಕ ಸಭೆಯಲ್ಲಿ ಪಾಲಕರೊಬ್ಬರು ಮಾಡಿದ ಭಾಷಣದ ಬರಹರೂಪ)



ಗುಡ್ಡದ ಕಾಲುದಾರಿಗಳಲ್ಲಿ ಸೈಕಲ್ ಸವಾರಿಗೆ ಅವಕಾಶ ಕೊಡಬೇಕೇ, ಬೇಡವೇ ಎಂಬ ಪ್ರಶ್ನೆ ಇಂದು ಚರ್ಚೆಗೆ ಬಂದಿದೆ. ಈ ವಿಷಯದಲ್ಲಿ ಮಾತನಾಡಲು ನನಗಿರುವ ಅರ್ಹತೆ ಬಹಳ ಸಣ್ಣದು. ನಾನು ಕ್ರೀಡಾಪಟುವಲ್ಲ, ಮಣ್ಣಿನ ವಿಜ್ಞಾನಿಯೂ ಅಲ್ಲ. ಹತ್ತು ವರ್ಷದ ಮಗಳನ್ನು ಒಂದು ದಿನದ ನಿಸರ್ಗ ಶಿಬಿರಕ್ಕೆ ಕರೆತಂದು, ಸಂಜೆಯವರೆಗೆ ಕಾಯಬೇಕಾಗಿ ಬಂದ ಒಬ್ಬ ತಾಯಿ. ಆ ದಿನ ಮಗಳಿಗಿಂತ ಹೆಚ್ಚು ಪಾಠ ಕಲಿತವಳು ನಾನೇ. ಅದನ್ನು ನಿಮ್ಮೆದುರು ಹೇಳಬೇಕೆಂದು ಸಂಘಟಕರು ಒತ್ತಾಯಿಸಿದ್ದಾರೆ.

ಅದು ಡಿಸೆಂಬರ್ ತಿಂಗಳ ಒಂದು ಭಾನುವಾರ. ಮಳೆ ಮುಗಿದು ಗುಡ್ಡದ ಹುಲ್ಲು ಬಲಿತು ಹೊಂಬಣ್ಣಕ್ಕೆ ತಿರುಗಿತ್ತು. ಮಕ್ಕಳನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸಿ, ಒಂದೊಂದು ಗುಂಪಿಗೆ ಒಂದು ಹಗ್ಗ, ನಾಲ್ಕು ಗೂಟಗಳನ್ನು ಕೊಟ್ಟಿದ್ದರು. ಹುಲ್ಲಿನ ಮೇಲೆ ಒಂದು ಮೀಟರ್ ಚೌಕ ಹಾಕಿ, ಅದರೊಳಗೆ ಕಾಣುವ ಜೀವಿಗಳನ್ನೆಲ್ಲ ಪಟ್ಟಿ ಮಾಡುವುದು ಅವರ ಬೆಳಗಿನ ಕೆಲಸ. ಪಾಲಕರಾದ ನಾವು ಶಾಲೆಯ ಜಗಲಿಯಲ್ಲಿ ಕುಳಿತು, ಸಿಗದ ಸಿಗ್ನಲ್ಲಿಗಾಗಿ ಮೊಬೈಲನ್ನು ಅತ್ತಿತ್ತ ತಿರುಗಿಸುತ್ತಿದ್ದೆವು.

ಆಗ ಅದೇ ಊರಿನ ಕಾಲೇಜು ಹುಡುಗನೊಬ್ಬ ಎರಡು ಗೇರ್ ಸೈಕಲ್ಲುಗಳನ್ನು ತಳ್ಳಿಕೊಂಡು ಬಂದ. ಪೇಟೆಯಲ್ಲಿ ಹಳೆಯ ಬೆಲೆಗೆ ಕೊಂಡು ತಾನೇ ದುರಸ್ತಿ ಮಾಡಿದವು. "ಅಕ್ಕಾ, ಸುಮ್ಮನೆ ಯಾಕೆ ಕೂತ್ಕೋತೀರಿ? ಗುಡ್ಡದ ನೆತ್ತಿಯವರೆಗೆ ಹೋಗಿ ಬರೋಣ ಬನ್ನಿ" ಎಂದ. ಹೈಸ್ಕೂಲು ಮುಗಿದ ಮೇಲೆ ನಾನು ಸೈಕಲ್ ಮುಟ್ಟಿರಲಿಲ್ಲ. ನಾಚಿಕೆಯಿಂದಲೇ ಎದ್ದೆ.

ಮಲೆನಾಡಿನಲ್ಲಿ ಬೆಳೆದ ನಮಗೆ ಸೈಕಲ್ ಎಂದರೆ ಇಳಿಜಾರಿನಲ್ಲಿ ಹತ್ತುವ, ಏರಿನಲ್ಲಿ ತಳ್ಳುವ ವಸ್ತು. ಅದಕ್ಕೆ ಕಾರಣ ನಮ್ಮ ಸೋಮಾರಿತನವಲ್ಲ, ಹಲ್ಲುಚಕ್ರಗಳ ಲೆಕ್ಕ. ಸಾಮಾನ್ಯ ಸೈಕಲ್ಲಿನಲ್ಲಿ ಪೆಡಲನ್ನು ಒಂದು ಸುತ್ತು ತುಳಿದರೆ ಹಿಂಗಾಲಿ ಸುಮಾರು ಎರಡೂವರೆ ಸುತ್ತು ತಿರುಗುತ್ತದೆ. ಸಪಾಟು ನೆಲಕ್ಕೆ ಅದು ಸರಿ. ಏರಿಗೆ ಬಲು ಭಾರ. ಗುಡ್ಡದ ಸೈಕಲ್ಲಿನಲ್ಲಿ ಮುಂದೆ 22 ಹಲ್ಲಿನ ಚಿಕ್ಕ ಚಕ್ರ, ಹಿಂದೆ 34 ಹಲ್ಲಿನ ದೊಡ್ಡ ಚಕ್ರಕ್ಕೆ ಸರಪಳಿಯನ್ನು ಹಾಕಿಕೊಂಡರೆ, ಒಂದು ಸುತ್ತು ತುಳಿದಾಗ ಗಾಲಿ ಮುಕ್ಕಾಲು ಸುತ್ತೂ ತಿರುಗದು. ನಿಧಾನ, ಆದರೆ ಹಗುರ. ನಡೆಯುವ ವೇಗದಲ್ಲಿಯೇ ನಾನು ಏರಿದೆ. ಎದೆ ಹೊಡೆದುಕೊಳ್ಳುತ್ತಿತ್ತು, ಬೆವರು ಕಣ್ಣಿಗಿಳಿಯುತ್ತಿತ್ತು. ಉಣುಗೋಲಿನ ಬಳಿ ಇಳಿದು, ಸೈಕಲ್ ಎತ್ತಿ ದಾಟಿಸಿ ಮತ್ತೆ ಹತ್ತಿದೆ. ಕೊನೆಗೆ ನೆತ್ತಿಯಲ್ಲಿ ನಿಂತು ತೋಟದ ಕಣಿವೆಯನ್ನು ನೋಡಿದಾಗ, ನನ್ನ ದೇಹ ನನಗೇ ಮರಳಿ ಸಿಕ್ಕಂತಾಯಿತು. ಸ್ವಂತ ಕಾಲಿನ ಬಲದಿಂದ ಗುಡ್ಡ ಏರಿದ ಆ ಸಂತೋಷವನ್ನು ನಾನು ಇಲ್ಲಿ ಕಡಿಮೆ ಮಾಡಿ ಹೇಳಲಾರೆ. ಸೈಕಲ್ ಸವಾರರನ್ನೆಲ್ಲ ಪೇಟೆಯ ಶೋಕಿಯವರೆಂದು ತಳ್ಳಿಹಾಕುವ ಹಿರಿಯರು ಇದನ್ನು ದಯವಿಟ್ಟು ಗಮನಿಸಬೇಕು.

ಇಳಿಯುವಾಗ ಹುಡುಗ ಮೂರು ಮಾತು ಹೇಳಿಕೊಟ್ಟ: ಮೈಯನ್ನು ಹಿಂದಕ್ಕೆ ತನ್ನಿ, ಎರಡೂ ಬ್ರೇಕುಗಳನ್ನು ಮೆಲ್ಲಗೆ ಹಿಡಿಯಿರಿ, ಹೋಗಬೇಕಾದ ಕಡೆಗೆ ಕಣ್ಣಿಡಿ. ಮೊದಲ ತಿರುವಿನಲ್ಲಿ ಹೆದರಿದೆ. ಎರಡನೆಯದರಲ್ಲಿ ಧೈರ್ಯ ಬಂತು. ಮೂರನೆಯದರಲ್ಲಿ ಅದು ಹೆಚ್ಚಾಯಿತು. ದಾರಿಗೆ ಅಡ್ಡಲಾಗಿ ಓರೆಯಾಗಿ ಹೂತಿದ್ದ ಕಲ್ಲಿನ ಸಾಲುಗಳು ಗಾಲಿಯನ್ನು ಕುಲುಕುತ್ತಿದ್ದವು. ಅವನ್ನು ತಪ್ಪಿಸಲು ಪಕ್ಕದ ಹುಲ್ಲಿನ ಮೇಲೆ ಹಾಯ್ದೆ. ನಾಲ್ಕನೆಯ ತಿರುವಿನಲ್ಲಿ, ತಲೆಯ ಮೇಲೆ ಕರಡದ ಹೊರೆ ಹೊತ್ತ ಒಬ್ಬ ಅಜ್ಜ ಎದುರಾದರು. ನಾನು ನಿಲ್ಲಿಸುವಷ್ಟರಲ್ಲಿ ಅವರು ಬದಿಯ ಚರಂಡಿಗೆ ಇಳಿದಿದ್ದರು. ಹೊರೆ ವಾಲಿತು. ನಾನು ಬಿದ್ದೆ.

ಅಜ್ಜ ಬೈಯಲಿಲ್ಲ. ಹೊರೆಯನ್ನು ಇಳಿಸಿ ನನ್ನ ಮೊಣಕೈ ನೋಡಿದರು. ಬಳಿಕ ಹೇಳಿದರು: "ದಾರಿ ನಿಮಗೂ ಇದೆ ತಂಗಿ. ಆದರೆ ಹೊರೆ ಹೊತ್ತವರಿಗೆ ಮೊದಲು." ಅನಂತರ ನಾನು ಬಳಸಿ ಬಂದ ಕಲ್ಲಿನ ಸಾಲನ್ನು ತೋರಿಸಿದರು. ಅದು ಯಾರೋ ಅಲ್ಲಿ ಮರೆತು ಬಿಟ್ಟದ್ದಲ್ಲ. ಮಳೆನೀರು ದಾರಿಯುದ್ದಕ್ಕೂ ಹರಿಯದಂತೆ, ಹತ್ತಿಪ್ಪತ್ತು ಹೆಜ್ಜೆಗೊಮ್ಮೆ ಅದನ್ನು ಪಕ್ಕದ ಕಾಡಿಗೆ ತಿರುಗಿಸಲು ಅವರ ತಂದೆಯ ಕಾಲದವರು ಹೂತ ಕಲ್ಲು. ಇನ್ನೊಂದು ಬದಿಯ ದಾರಿಯನ್ನೂ ತೋರಿಸಿದರು. ಅಲ್ಲಿ ಬೈಕಿನವರು ಕುಲುಕಾಟ ತಾಳದೆ ಇಂಥ ಕಲ್ಲುಗಳನ್ನು ಕಿತ್ತೆಸೆದಿದ್ದರು. ಮೂರೇ ಮಳೆಗಾಲಗಳಲ್ಲಿ ದಾರಿ ಮೊಣಕಾಲುದ್ದದ ಕೊರಕಲಾಗಿತ್ತು. ಅದರ ಮಣ್ಣೆಲ್ಲ ಕೆಳಗಿನ ಅಡಿಕೆ ತೋಟದ ಕಾಲುವೆಯಲ್ಲಿ ಕುಳಿತಿತ್ತು.

ಸಂಜೆ ಮಗಳು ತನ್ನ ಪಟ್ಟಿ ಓದಿದಳು. ಒಂದು ಮೀಟರ್ ಚೌಕದಲ್ಲಿ ಇಪ್ಪತ್ತಮೂರು ಬಗೆ: ಚಗಳಿ ಇರುವೆ, ಸಗಣಿ ಹುಳು, ಜೇಡ, ಹೆಬ್ಬೆರಳಿನ ಉಗುರಿನಷ್ಟು ಕಪ್ಪೆ, ಹೆಸರು ಗೊತ್ತಿಲ್ಲದ ಹುಲ್ಲುಗಳು. ಬಳಿಕ, "ಅಮ್ಮಾ, ನೀನು ಅಷ್ಟು ದೂರ ಹೋಗಿದ್ದೆಯಲ್ಲ, ಏನೇನು ನೋಡಿದೆ?" ಎಂದು ಕೇಳಿದಳು. ಏರುವಾಗ ಕಂಡದ್ದನ್ನೆಲ್ಲ ಹೇಳಿದೆ. ಇಳಿಯುವಾಗ ಕಂಡದ್ದು ಗಾಲಿಯ ಮುಂದಿನ ಆರಡಿ ನೆಲ ಮಾತ್ರ. ಆ ಆರಡಿಯಲ್ಲಿಯೂ ಕಲ್ಲನ್ನು ಕಂಡಿದ್ದೆ, ಅದರ ಕೆಲಸವನ್ನು ಕಂಡಿರಲಿಲ್ಲ.

ಆ ಪ್ರಶ್ನೆ ನನ್ನನ್ನು ಓದಿಗೆ ಹಚ್ಚಿತು. ನನಗೆ ತಿಳಿದದ್ದನ್ನು ಸಂಕ್ಷೇಪವಾಗಿ ಹೇಳುತ್ತೇನೆ.

ಗುಡ್ಡದ ಸೈಕಲ್ಲು ಇಂದಿನ ರೂಪ ತಾಳಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ, ಟಮಾಲ್ಪಾಯಿಸ್ ಬೆಟ್ಟದ ಆಸುಪಾಸಿನಲ್ಲಿ. 1970ರ ದಶಕದಲ್ಲಿ ಅಲ್ಲಿನ ಯುವಕರು ಗುಜರಿ ಸೇರಿದ್ದ ದಪ್ಪ ಗಾಲಿಯ ಹಳೆಯ ಸೈಕಲ್ಲುಗಳನ್ನು ಹೊಂದಿಸಿಕೊಂಡು, ಬೆಂಕಿ ನಂದಿಸುವವರಿಗಾಗಿ ಕಡಿದ ಕಚ್ಚಾ ರಸ್ತೆಗಳಲ್ಲಿ ಇಳಿಯತೊಡಗಿದರು. 1976ರ ಅಕ್ಟೋಬರಿನಲ್ಲಿ ಅವರ ಮೊದಲ ಸ್ಪರ್ಧೆ ನಡೆಯಿತು. ಸುಮಾರು ಮೂರು ಕಿಲೋಮೀಟರಿನಲ್ಲಿ ನಾನ್ನೂರು ಮೀಟರಿನಷ್ಟು ಇಳಿತ. ಒಂದು ಸಲ ಇಳಿಯುವಷ್ಟರಲ್ಲಿ ಹಿಂಬ್ರೇಕಿನ ಗ್ರೀಸ್ ಕಾದು ಹೊಗೆಯಾಗಿ, ಮತ್ತೆ ತುಂಬಬೇಕಾಗುತ್ತಿತ್ತು. ಹಾಗೆ ಮತ್ತೆ ತುಂಬುವುದಕ್ಕೆ ಇಂಗ್ಲಿಷಿನಲ್ಲಿ ಹೇಳುವ 'ರೀಪ್ಯಾಕ್' ಎಂಬ ಮಾತೇ ಆ ಸ್ಪರ್ಧೆಯ ಹೆಸರಾಯಿತು. 1977ರಲ್ಲಿ ಜೋ ಬ್ರೀಝ್ ಎಂಬವರು ಈ ಸವಾರಿಗೆಂದೇ ಹೊಸ ಚೌಕಟ್ಟು ಕಟ್ಟಿದರು. ಇಪ್ಪತ್ತು ವರ್ಷಗಳೊಳಗೆ, 1996ರ ಅಟ್ಲಾಂಟ ಒಲಿಂಪಿಕ್ಸಿನಲ್ಲಿ ಅದು ಅಧಿಕೃತ ಕ್ರೀಡೆಯಾಯಿತು.

ಈ ಕಥೆಯ ಇನ್ನೊಂದು ಮುಖ ನಮಗೆ ಹೆಚ್ಚು ಮುಖ್ಯ. ಕ್ರೀಡೆ ಹುಟ್ಟಿದ ಬೆಟ್ಟದಲ್ಲಿಯೇ ನಡೆಯುವವರಿಗೂ ಸವಾರರಿಗೂ ಜಗಳ ಹುಟ್ಟಿತು. ಸೈಕಲ್ಲುಗಳನ್ನು ಅಲ್ಲಿನ ಕಿರಿದಾದ ಕಾಲುದಾರಿಗಳಿಂದ ಬಹುಮಟ್ಟಿಗೆ ಹೊರಗಿಟ್ಟು ಅಗಲ ದಾರಿಗಳಿಗೆ ಸೀಮಿತಗೊಳಿಸಿದರು. ವೇಗಕ್ಕೂ ಮಿತಿ ಹಾಕಿದರು. ದಾರಿಗಳಿಂದ ಪೂರ್ತಿ ಹೊರಬೀಳುವ ಭಯದಿಂದ ಸವಾರರ ಸಂಘಗಳು 1988ರಲ್ಲಿ ಒಂದಾಗಿ, ಶಿಸ್ತಿನ ನಿಯಮಗಳನ್ನು ತಾವೇ ರೂಪಿಸಿಕೊಂಡವು. ಹಾರೆ ಗುದ್ದಲಿ ಹಿಡಿದು ದಾರಿ ದುರಸ್ತಿಗೂ ಇಳಿದವು. ಅವರು ಪಾಲಿಸುವ ಒಂದು ಸೂತ್ರ ಹೀಗಿದೆ: ದಾರಿಯ ಏರು, ಅದು ಹಾದುಹೋಗುವ ಗುಡ್ಡದ ಓರೆಯ ಅರ್ಧವನ್ನು ಮೀರಬಾರದು. ಮೀರಿದರೆ ನೀರು ದಾರಿಯನ್ನು ದಾಟಿ ಹೋಗುವ ಬದಲು ದಾರಿಯನ್ನೇ ಹಿಡಿದು ಇಳಿಯುತ್ತದೆ. ಅಜ್ಜನ ತಂದೆಯವರು ಕಲ್ಲಿನ ಸಾಲಿನಿಂದ ಸಾಧಿಸಿದ್ದೂ ಇದನ್ನೇ.

ಸೈಕಲ್ಲಿನಿಂದ ಮಣ್ಣಿಗೆ ನಿಜವಾಗಿ ಹಾನಿಯಿದೆಯೇ? 1994ರಲ್ಲಿ ಪ್ರಕಟವಾದ, ಅಮೆರಿಕದ ಮೊಂಟಾನಾದ ಬೆಟ್ಟದ ದಾರಿಗಳಲ್ಲಿ ನಡೆದ ಅಧ್ಯಯನವೊಂದು, ಕುದುರೆಯ ಗೊರಸು ಮತ್ತು ಮನುಷ್ಯರ ಪಾದಗಳು ಗಾಲಿಗಳಿಗಿಂತ ಹೆಚ್ಚು ಮಣ್ಣನ್ನು ಸಡಿಲಿಸುತ್ತವೆಂದು ಕಂಡುಕೊಂಡಿತು. ಸವಾರರು ಇಂಥ ಅಧ್ಯಯನಗಳನ್ನು ಮುಂದಿಡುವುದು ಸಹಜ, ನ್ಯಾಯವೂ ಹೌದು. ಆದರೆ ಮೊಂಟಾನಾದ ಮಳೆ ನಮ್ಮ ಮಳೆಯಲ್ಲ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿ.ಮೀ. ಮೀರುತ್ತದೆ, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಹಸಿ ಮಣ್ಣಿನಲ್ಲಿ ಹೆಜ್ಜೆಯ ಗುರುತು ಬಿಡಿಬಿಡಿಯಾದ ಬಟ್ಟಲು. ಅದರಲ್ಲಿ ನೀರು ನಿಲ್ಲುತ್ತದೆ. ಗಾಲಿಯ ಗುರುತು ಕಡಿಯದ ಕಾಲುವೆ. ಅದರಲ್ಲಿ ನೀರು ಓಡುತ್ತದೆ. ಓಡುವ ನೀರಿನ ವೇಗ ಎರಡು ಪಟ್ಟಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ 64 ಪಟ್ಟಿನವರೆಗೆ ಏರಬಲ್ಲದೆಂಬುದು ಜಲವಿಜ್ಞಾನದ ಹಳೆಯ ಲೆಕ್ಕ. ಇಂದಿನ ಸಣ್ಣ ಗೀರು ನಾಳಿನ ಕೊರಕಲಾಗುವುದು ಹೀಗೆ.

ಇನ್ನೊಂದು ಸಂಗತಿ ತೋಟಗಾರರಿಗೆ ಸಂಬಂಧಿಸಿದ್ದು. ಕಾಳುಮೆಣಸಿನ ಸೊರಗು ರೋಗಕ್ಕೆ ಕಾರಣವಾಗುವ ಸೂಕ್ಷ್ಮಜೀವಿ ಮಣ್ಣಿನಲ್ಲಿರುತ್ತದೆ. ಕೆಸರಿನೊಡನೆ ತೋಟದಿಂದ ತೋಟಕ್ಕೆ ಸಾಗುತ್ತದೆ. ಗಾಲಿಗೆ ಮೆತ್ತಿದ ಒಂದು ಹಿಡಿ ಕೆಸರು ಸಾಕು. ಆದ್ದರಿಂದ ರೋಗ ಕಂಡ ತೋಟದ ಅಂಚಿನಿಂದ ಬಂದ ಸೈಕಲ್ಲನ್ನು ತೊಳೆಯದೆ ಮುಂದಿನ ಊರಿಗೆ ಒಯ್ಯುವುದು ಸಲ್ಲದು.

ಬಂಧುಗಳೇ, ನನ್ನ ಅಭಿಪ್ರಾಯ ಹೀಗಿದೆ. ಸೈಕಲ್ಲಿಗೆ ದಾರಿ ಕೊಡೋಣ, ಷರತ್ತಿನೊಡನೆ ಕೊಡೋಣ. ಜೂನ್‌ನಿಂದ ಮಣ್ಣು ಪೂರ್ತಿ ಒಣಗುವವರೆಗೆ ಗುಡ್ಡದ ದಾರಿಗಳಲ್ಲಿ ಸವಾರಿ ಬೇಡ. ಇರುವ ದಾರಿಯಲ್ಲಿಯೇ ಹೋಗಬೇಕು. ಹುಲ್ಲುಗಾವಲಿನ ಮೇಲೆ ಹೊಸ ಗೆರೆ ಬೀಳಬಾರದು. ನೀರು ತಿರುಗಿಸುವ ಕಲ್ಲನ್ನು ಯಾರೂ ಕೀಳಬಾರದು, ಬಳಸಿಯೂ ಹೋಗಬಾರದು. ದಾಟಲಾಗದವರು ಇಳಿದು ಎತ್ತಿಕೊಂಡು ದಾಟಲಿ. ಕುರುಡು ತಿರುವಿನಲ್ಲಿ ನಡಿಗೆಯ ವೇಗ, ಗಂಟೆಯ ಸದ್ದು. ಸೈಕಲ್ ವೇಗವಾಗಿಯೂ ಸದ್ದಿಲ್ಲದೆಯೂ ಬರುವುದರಿಂದ, ತಿರುವಿನಾಚೆಗಿನ ಅಜ್ಜನಿಗೂ ಕಾಟಿಗೂ ಸಮಾನ ಅಪಾಯ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳ ಮಾತೇ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಲ್ಲಿಗೆ ಹೊರಗಿನವರ ಪ್ರವೇಶವನ್ನೇ ಅನುಮತಿಗೆ ಒಳಪಡಿಸಿದೆ. ಹೊಗೆಯುಗುಳದ ವಾಹನವೆಂಬುದು ಅಲ್ಲಿ ವಿನಾಯಿತಿಯಾಗದು. ಇನ್ನು ಶೋಲೆಯ ನೆತ್ತಿಯ ಹುಲ್ಲುಗಾವಲಿಗೆ ಜೀಪು, ಬೈಕು ಹತ್ತಿಸುವ ಸಾಹಸಕ್ಕೂ ಸೈಕಲ್ಲಿಗೂ ಒಂದೇ ಹೆಸರು ಕೊಟ್ಟು, ಒಂದರ ಬೆನ್ನ ಮೇಲೆ ಇನ್ನೊಂದು ಒಳಬರುವುದಕ್ಕೆ ನಾವು ಎಡೆಗೊಡಬಾರದು.

ವಾರಾಂತ್ಯದ ಪ್ರವಾಸಿಗರಿಗೆ ದಾರಿ ತೆರೆದರೆ ಊರಿಗೆ ನಾಲ್ಕು ಕಾಸು ಬರಬಹುದು. ಬರಲಿ. ಆದರೆ ಅದರಲ್ಲಿ ಒಂದು ಪಾಲು ಬೇಸಿಗೆಯಲ್ಲಿ ಕಲ್ಲು ಕೂರಿಸುವ ಕೂಲಿಗೆ ಮೀಸಲಾಗಬೇಕು. ಯಾವ ದಾರಿ ಎಂಬುದನ್ನು ಆ ದಾರಿಯಲ್ಲಿ ಸೊಪ್ಪು, ಹುಲ್ಲು, ಹಾಲು ಹೊರುವವರೇ ನಿರ್ಧರಿಸಬೇಕು. ಪ್ರವಾಸಿಗಿಂತ ಮೊದಲು ನಮ್ಮ ಮಕ್ಕಳ ಸರದಿ. 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡಲು ಆರಂಭಿಸಿದಾಗ, ದೂರದ ಶಾಲೆಯ ದಾರಿ ಎಷ್ಟೋ ಹೆಣ್ಣುಮಕ್ಕಳಿಗೆ ಹತ್ತಿರವಾಯಿತು. ಆ ಸೈಕಲ್ಲುಗಳಲ್ಲಿ ಕೆಲವು ಇಂದಿಗೂ ನಮ್ಮ ಕೊಟ್ಟಿಗೆಗಳಲ್ಲಿ ತುಕ್ಕು ಹಿಡಿದು ನಿಂತಿವೆ. ಅವನ್ನು ಬಿಚ್ಚಿ, ಎಣ್ಣೆ ಹಾಕಿ, ಜೋಡಿಸುವ ವಿದ್ಯೆಯನ್ನು ಆ ಕಾಲೇಜು ಹುಡುಗನಂಥವರು ಮುಂದಿನ ಶಿಬಿರದಲ್ಲಿ ಕಲಿಸಲಿ ಎಂಬುದು ನನ್ನ ಬೇಡಿಕೆ.

ವಿದ್ಯಾರ್ಥಿ ಮಿತ್ರರೇ, ಕಳೆದ ಬೇಸಿಗೆಯಲ್ಲಿ ನಾನು ಮತ್ತು ಮಗಳು ಅದೇ ಊರಿಗೆ ಮತ್ತೆ ಹೋದೆವು. ಅಜ್ಜನ ಮಾರ್ಗದರ್ಶನದಲ್ಲಿ, ಕೊರಕಲು ಬಿದ್ದ ದಾರಿಯಲ್ಲಿ ಎಂಟು ಜನ ಸೇರಿ ಹನ್ನೊಂದು ಕಲ್ಲಿನ ಸಾಲು ಕೂರಿಸಿದೆವು. ಒಂದು ಸಾಲಿಗೆ ಅರ್ಧ ದಿನದ ಕೆಲಸ. ಅದನ್ನು ಕೀಳಲು ಎರಡು ನಿಮಿಷ ಸಾಕು. ಅವು ಈ ಮಳೆಗಾಲ ತಾಳಿದವೋ ಇಲ್ಲವೋ ಎಂದು ನೋಡಲು ಬರುವ ಭಾನುವಾರ ಹೊರಟಿದ್ದೇವೆ. ಮಣ್ಣು ಇನ್ನೂ ಹಸಿಯಾಗಿದೆ. ಆದ್ದರಿಂದ ಸೈಕಲ್ಲನ್ನು ಶಾಲೆಯ ಜಗಲಿಯಲ್ಲಿಯೇ ಬಿಟ್ಟು ನಡೆದು ಹೋಗುತ್ತೇವೆ. ಬರುವವರು ಒಂದು ಹಾರೆ ತನ್ನಿ.